ನಾಲ್ಕು ಫ್ಯಾಮಿಲಿ, ಏಳು ಮಕ್ಕಳು, ಒಂದು ಸಮುದ್ರ: ಚಿಳ್ಳೆಪಿಳ್ಳೆ ಕಟ್ಕೊಂಡು ಮೆಕ್ಸಿಕೊ ಬೀಚಿಗೆ ಹೋಗಿ ಬರೋದು ಹೇಗೆ

ನಾವು ಅಮೆರಿಕದ ಟೆಕ್ಸಾಸಲ್ಲಿ, ಡಲ್ಲಾಸ್ ಕಡೆ ಇರೋ ನಾಲ್ಕು ಕನ್ನಡದ ಮನೆಗಳು, ಎಲ್ಲರ ಹತ್ರನೂ ಒಂದೋ ಎರಡೋ ಚಿಕ್ಕ ಮಕ್ಕಳು, ಒಟ್ಟು ಏಳು, ದೊಡ್ಡೋನಿಗೆ ಎಂಟು ವರ್ಷ, ಚಿಕ್ಕದಕ್ಕೆ ಹನ್ನೊಂದು ತಿಂಗಳು. ಎರಡು ಸಲ ಮೆಕ್ಸಿಕೊದ ಕೆರಿಬಿಯನ್ ದಡದಲ್ಲಿರೋ ಕ್ಯಾಂಕೂನ್ ಕಡೆ ಹೋಗಿ ಬಂದಿದ್ದೀವಿ, ಒಂದ್ಸಲ ರೆಸಾರ್ಟು, ಒಂದ್ಸಲ ಬಾಡಿಗೆ ವಿಲ್ಲಾ. ಮೊದಲ ಸಲ ವಾಪಸ್ ಬಂದ ಮೇಲೆ ಎರಡು ಮನೆಯವ್ರು ಒಂದು ತಿಂಗಳು ಸರಿಯಾಗಿ ಮಾತಾಡ್ಲಿಲ್ಲ, ಎರಡನೇ ಸಲ ಬಂದ ವಾರಕ್ಕೇ ಮುಂದಿನ ಟ್ರಿಪ್ ಡೇಟ್ ನೋಡ್ತಾ ಕೂತಿದ್ವಿ. ಸಮುದ್ರ ಅದೇ, ಜನ ಅವ್ರೇ. ವ್ಯತ್ಯಾಸ ಏನಪ್ಪಾ ಅಂದ್ರೆ ಎರಡನೇ ಸಲ ಯಾವ ಕೆಲಸ ಯಾರದ್ದು ಅಂತ ಹೊರಡೋಕ್ ಮುಂಚೆನೇ ಮಾತಾಡಿದ್ವಿ.

ಸ್ಟೆಪ್ 1: ಬುಕಿಂಗ್ ಮುಂಚೆ ಒಂದು ಕಾಲ್

ವಾಟ್ಸಾಪ್ ಗ್ರೂಪಲ್ಲಿ ಡಿಸೈಡ್ ಮಾಡೋಕ್ ಹೋಗ್ಬೇಡಿ, ಅಲ್ಲಿ ಎಲ್ಲರೂ ಥಂಬ್ಸಪ್ ಹಾಕ್ತಾರೆ, ಆಮೇಲೆ ಹೋಟೆಲ್ ರೇಟ್ ನೋಡಿ ಒಬ್ಬೊಬ್ರೇ ಪಕ್ಕಕ್ಕೆ ಕರೆದು "ಸ್ವಲ್ಪ ಜಾಸ್ತಿ ಆಯ್ತಲ್ವಾ" ಅಂತಾರೆ. ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ವಿಡಿಯೋ ಕಾಲ್ ಮಾಡಿ ಮೂರೇ ವಿಷಯ ಮಾತಾಡಿ. ಒಂದು ಮನೆಗೆ ಎಷ್ಟು ದುಡ್ಡು ಮೇಲ್ಮಿತಿ, ಬಾಯಿಬಿಟ್ಟು ನಂಬರ್ ಹೇಳ್ಬೇಕು. ಮಧ್ಯಾಹ್ನ ಯಾರ ಮಗು ಎಷ್ಟೊತ್ತಿಗೆ ಮಲಗತ್ತೆ. ಊಟದಲ್ಲಿ ಯಾರು ಶುದ್ಧ ಸಸ್ಯಾಹಾರಿ, ಯಾರಿಗೆ ಮೊಟ್ಟೆ ಓಕೆ, ಯಾರಿಗೆ ಎಲ್ಲಾ ಓಕೆ.

ನಿದ್ದೆ ವಿಷಯ ಸಣ್ಣದು ಅನ್ಸತ್ತೆ, ಅಲ್ಲ. ಮೊದಲ ಟ್ರಿಪ್‌ನಲ್ಲಿ ಜಗಳ ಶುರುವಾಗಿದ್ದೇ ಅಲ್ಲಿಂದ. ಒಬ್ಬರ ಮಗು ಒಂದು ಗಂಟೆಗೆ ಮಲಗ್ಬೇಕು, ಇನ್ನೊಬ್ಬರ ಮಗು ಮಧ್ಯಾಹ್ನ ಮಲಗೋದು ಬಿಟ್ಟೇ ವರ್ಷ ಆಗಿದೆ, ಒಂದೇ ವ್ಯಾನಲ್ಲಿ ಎಲ್ಲರೂ ಹೋಗಿದ್ದೀವಿ, ಯಾರಿಗೂ ವಾಪಸ್ ಬರೋಕಾಗ್ತಿಲ್ಲ. ಈಗ ನಮ್ಮ ರೂಲು ಇಷ್ಟೇ: ಬೆಳಗ್ಗೆ ಎಲ್ಲರೂ ಒಟ್ಟಿಗೆ, ಮಧ್ಯಾಹ್ನ 1ರಿಂದ 4 ಅವರವರ ಪಾಡು, ಸಂಜೆ ಮತ್ತೆ ಒಟ್ಟಿಗೆ. ಒಂದು ದಿನ ಯಾರಾದ್ರೂ ಬರಲ್ಲ ಅಂದ್ರೆ ಯಾಕೆ ಅಂತ ಕೇಳೋ ಹಾಗಿಲ್ಲ.

ಸ್ಟೆಪ್ 2: ಪೇಪರ್ಸ್

ಇಂಡಿಯನ್ ಪಾಸ್‌ಪೋರ್ಟ್ ಇರೋರಿಗೆ ಇದು ಮುಖ್ಯ. ಪಾಸ್‌ಪೋರ್ಟಲ್ಲಿ ಅಮೆರಿಕದ ವೀಸಾ ಸ್ಟ್ಯಾಂಪ್ ಇನ್ನೂ ವ್ಯಾಲಿಡ್ ಇದ್ರೆ, ಅಥವಾ ಗ್ರೀನ್ ಕಾರ್ಡ್ ಇದ್ರೆ, ಮೆಕ್ಸಿಕೊಗೆ ಟೂರಿಸ್ಟ್ ಆಗಿ ಹೋಗೋಕೆ ಬೇರೆ ವೀಸಾ ಬೇಡ. ಕೆನಡಾ, ಬ್ರಿಟನ್, ಜಪಾನ್, ಯುರೋಪಿನ ಷೆಂಗೆನ್ ವೀಸಾ ಇದ್ರೂ ಇದೇ ಲೆಕ್ಕ. ಎಡವಟ್ಟಾಗೋದು ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರೋರಿಗೆ: ಕೈಲಿ ಅಮೆರಿಕದ ಇಮಿಗ್ರೇಶನ್‌ನವ್ರು ಕೊಟ್ಟ ಹೊಸ ಐ-797 ಅಪ್ರೂವಲ್ ಪತ್ರ ಇರತ್ತೆ, ಪಾಸ್‌ಪೋರ್ಟಲ್ಲಿನ ಸ್ಟ್ಯಾಂಪ್ ಎಕ್ಸ್‌ಪೈರ್ ಆಗಿರತ್ತೆ. ಆ ಪೇಪರ್ ತೋರಿಸಿ ಮೆಕ್ಸಿಕೊ ಒಳಗೆ ಹೋಗೋಕಾಗಲ್ಲ, ಮೆಕ್ಸಿಕನ್ ವೀಸಾನೇ ತಗೋಬೇಕು. ವಾಪಸ್ ಬರೋಕೆ ಅಮೆರಿಕ ಕಡೆಯಿಂದ ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಅಂತ ಒಂದು ಅನುಕೂಲ ಇದೆ, ಎಕ್ಸ್‌ಪೈರ್ ಆದ ಸ್ಟ್ಯಾಂಪಲ್ಲೇ ಒಳಗೆ ಬಿಡೋದು, 30 ದಿನದೊಳಗಿನ ಟ್ರಿಪ್‌ಗೆ, ಐ-94 (ಅಮೆರಿಕದಲ್ಲಿ ಎಲ್ಲಿವರೆಗೆ ಇರ್ಬಹುದು ಅನ್ನೋ ದಾಖಲೆ) ವ್ಯಾಲಿಡ್ ಇದ್ರೆ. ಆದ್ರೆ ಅದಕ್ಕೂ ಷರತ್ತುಗಳಿವೆ, ಟಿಕೆಟ್ ತಗೊಳ್ಳೋ ಮುಂಚೆ ನಿಮ್ಮ ಇಮಿಗ್ರೇಶನ್ ಲಾಯರಿಗೆ ಒಂದು ಇಮೇಲ್ ಹಾಕಿ.

ಊರಿಂದ ಬಂದ ಅಪ್ಪ ಅಮ್ಮನ್ನ ಕರ್ಕೊಂಡ್ ಹೋಗ್ತೀರಾ, ಅವ್ರ ಬಿ-2 ವಿಸಿಟರ್ ವೀಸಾ ವ್ಯಾಲಿಡ್ ಇದ್ರೆ ತೊಂದ್ರೆ ಇಲ್ಲ. ಆದ್ರೆ ಮೆಕ್ಸಿಕೊಗೆ ಹೋಗಿ ಬಂದ್ರೆ ಮತ್ತೆ ಹೊಸದಾಗಿ ಆರು ತಿಂಗಳು ಸಿಗತ್ತೆ ಅಂತ ಲೆಕ್ಕ ಹಾಕ್ಬೇಡಿ.

ಅಮೆರಿಕದಲ್ಲಿ ಹುಟ್ಟಿದ ಮಗುಗೂ, ಕೈಗೂಸಾದ್ರೂ, ಪೂರ್ತಿ ಪಾಸ್‌ಪೋರ್ಟ್ ಬುಕ್ ಬೇಕು, ಪಾಸ್‌ಪೋರ್ಟ್ ಕಾರ್ಡ್ ವಿಮಾನಕ್ಕೆ ನಡೆಯಲ್ಲ. ಮಗು ಜೊತೆ ಅಪ್ಪ ಅಮ್ಮ ಇಬ್ರಲ್ಲಿ ಒಬ್ರೇ ಹೋಗ್ತಿದ್ರೆ ಇನ್ನೊಬ್ರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬ್ಯಾಗಲ್ಲಿ ಇಟ್ಕೊಳ್ಳಿ. ನಮ್ಮ ಗುಂಪಲ್ಲಿ ಒಬ್ರಿಗೆ ಆಫೀಸ್ ರಜ ಸಿಗದೆ ಹೆಂಡತಿ ಮಕ್ಕಳನ್ನ ಮುಂಚೆ ಕಳಿಸಿದ್ರು, ಯಾರೂ ಕೇಳ್ಲಿಲ್ಲ, ಆದ್ರೆ ಕೇಳಿದ್ರೆ ಇರ್ಲಿ ಅಂತ.

ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳಿ. ಅಮೆರಿಕದ ಎಷ್ಟೋ ಹೆಲ್ತ್ ಪ್ಲಾನ್‌ಗಳು ಗಡಿ ದಾಟಿದ್ರೆ ಕೈ ಎತ್ತತ್ವೆ, ಅಲ್ಲಿ ಪ್ರೈವೇಟ್ ಆಸ್ಪತ್ರೆಗಳು ಮೊದಲು ಡೆಪಾಸಿಟ್ ಕೇಳೋದೂ ಉಂಟು.

ಸ್ಟೆಪ್ 3: ಯಾವಾಗ ಹೋಗ್ಬೇಕು

ಡಿಸೆಂಬರ್‌ನಿಂದ ಏಪ್ರಿಲ್ ಮೊದಲ ಭಾಗ ಹವಾಮಾನಕ್ಕೆ ಒಳ್ಳೇದು, ರೇಟೂ ಅಷ್ಟೇ ಮೇಲೆ. ಕ್ರಿಸ್ಮಸ್ ವಾರ, ಮಾರ್ಚಿನ ಸ್ಪ್ರಿಂಗ್ ಬ್ರೇಕ್, ಈಸ್ಟರ್ ಮುಂಚಿನ ವಾರ ಬಿಟ್ಬಿಡಿ. ಆ ಈಸ್ಟರ್ ವಾರಕ್ಕೆ ಅವ್ರು ಸೆಮಾನಾ ಸಾಂತಾ ಅಂತಾರೆ, ಮೆಕ್ಸಿಕೊದವ್ರೇ ಎಲ್ಲಾ ಬೀಚಲ್ಲಿ ಇರ್ತಾರೆ. ಜನವರಿ ಕೊನೆ, ಫೆಬ್ರವರಿ ನಮಗೆ ಸರಿಹೋಯ್ತು, ಸ್ಕೂಲಿಗೆ ನಾಲ್ಕು ದಿನ ರಜ ಹಾಕಿದ್ವಿ, ಒಂದನೇ ಕ್ಲಾಸಲ್ಲಿ ಏನ್ ಮುಳುಗಿ ಹೋಗತ್ತೆ.

ಬೇಸಿಗೆ ರಜದಲ್ಲೇ ಹೋಗ್ಬೇಕು ಅಂದ್ರೆ ಎರಡು ವಿಷಯ ಗೊತ್ತಿರ್ಲಿ. ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30, ಜೋರು ಆಗಸ್ಟ್‌ನಿಂದ ಅಕ್ಟೋಬರ್, 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಬಂದು ಕ್ಯಾಂಕೂನ್, ಹತ್ತಿರದ ಕೊಸುಮೆಲ್ ದ್ವೀಪ ಎರಡನ್ನೂ ಜಾಲಾಡಿತ್ತು. ಇನ್ನೊಂದು ಸರ್ಗಾಸಮ್, ಕಂದು ಬಣ್ಣದ ಕಡಲಕಳೆ. 2011ರಿಂದ ಅಟ್ಲಾಂಟಿಕ್ ಸಮುದ್ರದಲ್ಲಿ ದೊಡ್ಡ ಪಟ್ಟಿ ಥರ ಬೆಳೆದು ಕೆರಿಬಿಯನ್ ದಡಕ್ಕೆ ಬಂದು ಬೀಳ್ತಿದೆ, ಹೆಚ್ಚಾಗಿ ಏಪ್ರಿಲ್‌ನಿಂದ ಆಗಸ್ಟ್ ತನಕ. ಕೊಳೆತ್ರೆ ಕೆಟ್ಟ ಮೊಟ್ಟೆ ವಾಸನೆ, ಮಕ್ಕಳು ಮೂಗು ಮುಚ್ಕೊಂಡು ನೀರಿಗೇ ಇಳಿಯಲ್ಲ ಅಂತ ಹಠ ಮಾಡ್ತಾರೆ. ರೆಸಾರ್ಟ್ ವೆಬ್‌ಸೈಟ್ ಫೋಟೋ ನಂಬ್ಬೇಡಿ, ಜನ ಹೋದ ವಾರ ಹಾಕಿದ ಫೋಟೋ ಹುಡುಕಿ. ಇಸ್ಲಾ ಮುಹೇರೆಸ್ ದ್ವೀಪದ ಪ್ಲಾಯಾ ನಾರ್ತೆ (ಪ್ಲಾಯಾ ಅಂದ್ರೆ ಬೀಚು), ಕೊಸುಮೆಲ್‌ನ ಪಶ್ಚಿಮ ದಡ, ಇಲ್ಲಿಗೆ ಕಡಿಮೆ ಬರತ್ತೆ.

ಸ್ಟೆಪ್ 4: ಯಾವ ಬೀಚು, ಯಾವ ಮನೆ

ಕ್ಯಾಂಕೂನ್ ಹೋಟೆಲ್ ಜೋನ್ ಮ್ಯಾಪಲ್ಲಿ ಇಂಗ್ಲಿಷ್ 7ರ ಹಾಗೆ ಕಾಣತ್ತೆ. 7ರ ಮೇಲಿನ ಅಡ್ಡಗೆರೆ ಉತ್ತರಕ್ಕೆ ಮುಖ ಮಾಡಿದೆ, ಪ್ಲಾಯಾ ಲಾಂಗೋಸ್ತಾ, ಪ್ಲಾಯಾ ತೊರ್ತುಗಾಸ್ ಅಲ್ಲಿವೆ, ನೀರು ಕೊಳದ ಥರ. ಉದ್ದಗೆರೆ ಪೂರ್ವಕ್ಕೆ, ತೆರೆದ ಸಮುದ್ರ, ಪ್ಲಾಯಾ ದೆಲ್ಫಿನೆಸ್ ಫೋಟೋಗೆ ಸೂಪರ್, ನಾಲ್ಕು ವರ್ಷದ ಮಗುಗೆ ಬೇಡವೇ ಬೇಡ, ಅಲೆ ಎಳೆದ್ರೆ ದೊಡ್ಡೋರೇ ನಿಲ್ಲಲ್ಲ. ಒಂದೇ ರೇಟಿನ ಎರಡು ಹೋಟೆಲ್ ಇದ್ರೆ ಈ ಒಂದು ವಿಷಯ ನೋಡಿ ಆರಿಸಿ, ಉಳಿದಿದ್ದೆಲ್ಲಾ ಆಮೇಲೆ.

ದಕ್ಷಿಣಕ್ಕೆ ಬಂದ್ರೆ ಪುಯೆರ್ತೊ ಮೊರೆಲೊಸ್ ಅಂತ ಸಣ್ಣ ಊರು, ದಡದ ಮುಂದೆ ಹವಳದ ದಿಬ್ಬ ಇರೋದ್ರಿಂದ ಅಲೆ ಅಲ್ಲೇ ಒಡೆದು ಹೋಗತ್ತೆ. ಅಲ್ಲಿ ವಾಲಿಕೊಂಡಿರೋ ಒಂದು ದೀಪಸ್ತಂಭ ಇದೆ, 1967ರ ಬ್ಯೂಲಾ ಚಂಡಮಾರುತಕ್ಕೆ ವಾಲಿದ್ದು, ಮಕ್ಕಳು ಅದನ್ನ ತಳ್ಳೋ ಥರ ಫೋಟೋ ತೆಗೆಸ್ಕೊಳ್ತಾರೆ. ಇನ್ನೂ ಕೆಳಗೆ ಪ್ಲಾಯಾ ದೆಲ್ ಕಾರ್ಮೆನ್, ಅಂಗಡಿ ಗಲಾಟೆ ಬೇಕು ಅನ್ನೋರಿಗೆ. ಅದಾದ್ಮೇಲೆ ಅಕುಮಾಲ್, ಆಮೆಗಳ ಊರು, ನಮ್ಮ ವಿಲ್ಲಾ ಇದ್ದಿದ್ದು ಇಲ್ಲೇ.

ಈಗ ರೆಸಾರ್ಟಾ ವಿಲ್ಲಾನಾ. ಮೊದಲ ಸಲ ಹೋಗ್ತಿದ್ದೀರಿ, ಮಕ್ಕಳು ನಾಲ್ಕರ ಮೇಲಿದ್ದಾರೆ ಅಂದ್ರೆ ಆಲ್ ಇನ್‌ಕ್ಲೂಸಿವ್ ರೆಸಾರ್ಟಿಗೆ, ಅಂದ್ರೆ ಊಟ ತಿಂಡಿ ಎಲ್ಲಾ ರೂಮ್ ರೇಟಲ್ಲೇ ಸೇರಿರೋ ಕಡೆ ಹೋಗಿ, ಯಾರೂ ಪಾತ್ರೆ ತೊಳೆಯಲ್ಲ, ಯಾರ ಜೊತೆ ಯಾರಿಗೂ ಬಿಲ್ ಜಗಳ ಇಲ್ಲ. ಕಿಡ್ಸ್ ಕ್ಲಬ್ ಅಂತ ಇರತ್ತೆ, ಬಹಳ ಕಡೆ ನಾಲ್ಕು ವರ್ಷದ ಮೇಲಿನೋರಿಗೆ ಮಾತ್ರ, ಫೋನ್ ಮಾಡಿ ಕೇಳ್ಕೊಳ್ಳಿ. ರೂಮುಗಳು ಒಂದೇ ಫ್ಲೋರಲ್ಲಿ ಅಕ್ಕಪಕ್ಕ ಬೇಕು ಅಂತ ಬುಕಿಂಗ್ ಆದ ದಿನವೇ ಇಮೇಲ್ ಹಾಕಿ, ಹೊರಡೋ ಎರಡು ದಿನ ಮುಂಚೆ ಮತ್ತೆ ಹಾಕಿ.

ಸಸ್ಯಾಹಾರಿಗಳು ಜಾಸ್ತಿ, ಪುಟ್ಟ ಕೂಸುಗಳಿವೆ ಅಂದ್ರೆ ವಿಲ್ಲಾ. ಅಡುಗೆಮನೆ ಇರತ್ತೆ, ರಾತ್ರಿ ಮಕ್ಕಳು ಮಲಗಿದ ಮೇಲೆ ದೊಡ್ಡೋರು ಹೊರಗೆ ಕೂತು ಹರಟೆ ಹೊಡೀಬಹುದು, ಹೋಟೆಲಲ್ಲಿ ಆದ್ರೆ ಎಂಟು ಗಂಟೆಗೆ ಎಲ್ಲರೂ ಕತ್ತಲೆ ರೂಮಲ್ಲಿ ಫೋನ್ ನೋಡ್ತಾ ಕೂರೋದೇ. ಆದ್ರೆ ಬುಕ್ ಮಾಡೋ ಮುಂಚೆ ಮನೆ ಓನರಿಗೆ ಒಂದೇ ಒಂದು ಪ್ರಶ್ನೆ ಕೇಳಿ: ಪೂಲ್ ಸುತ್ತ ಬೇಲಿ ಇದೆಯಾ, ಹಾಲ್‌ನಿಂದ ಪೂಲಿಗೆ ಹೋಗೋ ಬಾಗಿಲಿಗೆ ಮೇಲ್ಗಡೆ ಚಿಲಕ ಇದೆಯಾ. ಅಲ್ಲಿ ಎಷ್ಟೋ ಮನೆಗಳಲ್ಲಿ ಬೇಲಿ ಇರಲ್ಲ. ಇದು ಯಾಕೆ ಹೇಳ್ತಿದ್ದೀನಿ ಅಂತ ಆರನೇ ಸ್ಟೆಪ್‌ನಲ್ಲಿ ಗೊತ್ತಾಗತ್ತೆ.

ಸ್ಟೆಪ್ 5: ಏರ್‌ಪೋರ್ಟಿಂದ ಮನೆಗೆ

ವ್ಯಾನ್ ಮುಂಚೆನೇ ಬುಕ್ ಮಾಡಿ. ಕ್ಯಾಂಕೂನ್ ಏರ್‌ಪೋರ್ಟಿಂದ ಪ್ಲಾಯಾ ದೆಲ್ ಕಾರ್ಮೆನ್ ಸುಮಾರು 55 ಕಿಲೋಮೀಟರ್, ಒಂದು ಗಂಟೆ ಇಟ್ಕೊಳ್ಳಿ, ಅಕುಮಾಲ್ ಇನ್ನೂ ಅರ್ಧ ಗಂಟೆ ಮುಂದೆ, ತುಲುಮ್ ಇನ್ನೂ ಆಚೆ. 2023ರ ಡಿಸೆಂಬರಲ್ಲಿ ತುಲುಮ್‌ನಲ್ಲೇ ಹೊಸ ಏರ್‌ಪೋರ್ಟ್ ಓಪನ್ ಆಗಿದೆ, ಅಕುಮಾಲ್ ಕಡೆ ಹೋಗೋರು ಅಲ್ಲಿಗೂ ಫ್ಲೈಟ್ ನೋಡಿ.

ಕಸ್ಟಮ್ಸ್ ದಾಟಿ ಹೊರಗೆ ಬರೋ ದಾರೀಲಿ ಟೈ ಕಟ್ಕೊಂಡ ಜನ "ನಿಮ್ಮ ವ್ಯಾನ್ ಯಾವುದು ಸರ್, ಬನ್ನಿ" ಅಂತ ಕರೀತಾರೆ. ಅವ್ರು ವ್ಯಾನಿನೋರಲ್ಲ, ಟೈಮ್‌ಶೇರ್, ಅಂದ್ರೆ ರೆಸಾರ್ಟಲ್ಲಿ ವರ್ಷಕ್ಕೆ ಇಷ್ಟು ದಿನ ಅಂತ ಪಾಲು, ಮಾರೋರು. ಮೆಜೆಸ್ಟಿಕ್ಕಲ್ಲಿ ಇಳಿದಾಗ ಆಟೋದವ್ರ ನಡುವೆ ಹೆಂಗ್ ನಡೀತೀರೋ ಹಂಗೇ, ಕಣ್ಣಲ್ಲಿ ಕಣ್ಣಿಡದೆ ಸೀದಾ ಹೊರಗೆ ಬನ್ನಿ, ನಿಮ್ಮ ಹೆಸರಿನ ಬೋರ್ಡ್ ಹೊರಗಡೆ ಇರತ್ತೆ.

ಕಾರ್ ಸೀಟ್ ನಿಮ್ಮದೇ ತಗೊಂಡ್ ಹೋಗಿ, ವಿಮಾನದವ್ರು ಸಾಮಾನ್ಯವಾಗಿ ಅದಕ್ಕೆ ಚಾರ್ಜ್ ಮಾಡಲ್ಲ. ಬಾಡಿಗೆ ಕಾರ್ ತಗೊಳ್ತೀರಿ ಅಂದ್ರೆ ಆನ್‌ಲೈನಲ್ಲಿ ದಿನಕ್ಕೆ ಐದು ಡಾಲರ್ ಅಂತ ಕಂಡಿದ್ದು ನಿಜವಾದ ರೇಟಲ್ಲ. ಮೆಕ್ಸಿಕೊದ ಲಯಬಿಲಿಟಿ ಇನ್ಶೂರೆನ್ಸ್ (ನಾವು ಬೇರೆಯವ್ರಿಗೆ ಮಾಡಿದ ನಷ್ಟಕ್ಕೆ) ಕಡ್ಡಾಯ, ಅಮೆರಿಕದ ಕ್ರೆಡಿಟ್ ಕಾರ್ಡ್ ಅದನ್ನ ಕವರ್ ಮಾಡಲ್ಲ. ರಸ್ತೇಲಿ ತೋಪೆಸ್ ಅಂತ ಹಂಪ್‌ಗಳು, ನಮ್ಮೂರಿನ ಹಾಗೇ ಬಣ್ಣ ಇಲ್ಲದ್ದು, ಹಿಂದೆ ಕೂತ ಅತ್ತೆ ಮಾವ ಇದ್ರೆ ನಿಧಾನ.

ಟೈಮ್ ವಿಷಯ ಒಂದು ಮಾತು. ಈ ರಾಜ್ಯ, ಕಿಂತಾನಾ ರೋ, 2015ರಿಂದ ವರ್ಷಪೂರ್ತಿ ಒಂದೇ ಟೈಮಲ್ಲಿದೆ. ಟೆಕ್ಸಾಸಿಂದ ಚಳಿಗಾಲದಲ್ಲಿ ಹೋದ್ರೆ ಒಂದು ಗಂಟೆ ಮುಂದೆ, ಬೇಸಿಗೆಲಿ ಸಮಸಮ.

ಸ್ಟೆಪ್ 6: ನೀರು

ಇದೊಂದನ್ನ ಓದಿ ಬಾಕಿ ಬಿಟ್ರೂ ಪರ್ವಾಗಿಲ್ಲ.

ವಿಲ್ಲಾಗೆ ಹೋದ ಎರಡನೇ ದಿನ ಮಧ್ಯಾಹ್ನ, ಎಂಟು ಜನ ದೊಡ್ಡೋರು ಪೂಲ್ ಸುತ್ತಾನೇ ಇದ್ವಿ. ಒಬ್ರು ಮಾವಿನಹಣ್ಣು ಹೆಚ್ತಿದ್ರು, ಇಬ್ರು ಮಾಯಾ ಪಿರಮಿಡ್ ಇರೋ ಚಿಚೆನ್ ಇಟ್ಜಾಗೆ ಹೋಗೋದಾ ಬೇಡ್ವಾ ಅಂತ ವಾದ, ನಾನು ಫೋಟೋ ತೆಗೀತಿದ್ದೆ. ಮೂರು ವರ್ಷದ ಪುಟ್ಟಿ ಮೆಟ್ಟಿಲಿಂದ ಒಂದು ಹೆಜ್ಜೆ ಜಾರಿದ್ಳು. ಸದ್ದೇ ಇಲ್ಲ. ಸಿನಿಮಾದಲ್ಲಿ ತೋರ್ಸೋ ಹಾಗೆ ಕೈ ಬಡಿಯೋದು ಕೂಗೋದು ಏನೂ ಇರಲ್ಲ, ತಲೆ ನೀರಿನ ಮಟ್ಟಕ್ಕೆ ಬಂದು ಸುಮ್ಮನೆ ಮೇಲೆ ನೋಡ್ತಿರತ್ತೆ ಅಷ್ಟೇ. ಮಾವಿನಹಣ್ಣು ಹೆಚ್ತಿದ್ದ ಅಕ್ಕ ಚಾಕು ಬಿಸಾಕಿ ಫೋನ್ ಜೇಬಲ್ಲಿದ್ದ ಹಾಗೇ ಹಾರಿದ್ರು. ಐದು ಸೆಕೆಂಡ್ ಇರ್ಬಹುದು. ಪುಟ್ಟಿ ಕೆಮ್ಮಿ ಅತ್ತು ಹತ್ತು ನಿಮಿಷದಲ್ಲಿ ಚಿಪ್ಸ್ ತಿಂತಿದ್ಳು, ದೊಡ್ಡೋರು ಯಾರೂ ಆ ರಾತ್ರಿ ಊಟ ಮಾಡ್ಲಿಲ್ಲ. ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರು ಅಂತಾರಲ್ಲ, ಎಂಟು ಜನ ನೋಡ್ತಿದ್ದಾರೆ ಅಂದ್ರೆ ಯಾರೂ ನೋಡ್ತಿಲ್ಲ ಅಂತ ಅರ್ಥ.

ಅವತ್ತು ರಾತ್ರಿನೇ ಡ್ಯೂಟಿ ಶುರು ಮಾಡಿದ್ವಿ. ಒಂದು ಹಳೇ ಆಫೀಸ್ ಟ್ಯಾಗ್ ದಾರ ಇತ್ತು, ಅದನ್ನ ಕತ್ತಿಗೆ ಹಾಕ್ಕೊಂಡೋರು 20 ನಿಮಿಷ ನೀರು ಬಿಟ್ಟು ಬೇರೆ ಏನೂ ನೋಡೋ ಹಾಗಿಲ್ಲ. ಫೋನ್ ಇಲ್ಲ, ಬಿಯರ್ ಇಲ್ಲ, ಮಾತಿಗೆ ತಲೆ ತಿರುಗಿಸೋದೂ ಇಲ್ಲ. ಮುಗಿದ ಮೇಲೆ ಟ್ಯಾಗ್ ಇನ್ನೊಬ್ರ ಕೈಗೆ ಕೊಟ್ಟು ಬಾಯಲ್ಲಿ "ನಿಂದು" ಅನ್ಬೇಕು, ಅವ್ರು "ನಂದು" ಅನ್ಬೇಕು. ಕೇಳೋಕೆ ಮಿಲಿಟರಿ ಥರ ಇದೆ, ಆದ್ರೆ ಉಳಿದ ಏಳು ಜನಕ್ಕೆ ನಿಜವಾದ ರಜ ಸಿಕ್ಕಿದ್ದು ಇದರಿಂದಲೇ.

ಇನ್ನು ಚಿಲ್ಲರೆ ವಿಷಯಗಳು. ತೋಳಿಗೆ ಹಾಕೋ ಗಾಳಿ ಬಲೂನ್ ನಂಬ್ಬೇಡಿ, ಯುಎಸ್ ಕೋಸ್ಟ್ ಗಾರ್ಡ್ ಅಪ್ರೂವ್ಡ್ ಅಂತ ಬರೆದಿರೋ ಲೈಫ್ ಜಾಕೆಟ್ ಮನೆಯಿಂದಲೇ ತಗೊಂಡ್ ಹೋಗಿ. ಸ್ವಿಮ್ ಬಟ್ಟೆ ಕಿತ್ತಳೆ ಅಥವಾ ಕಣ್ಣು ಕುಕ್ಕೋ ಗುಲಾಬಿ ಬಣ್ಣದ್ದು ತಗೊಳ್ಳಿ, ತಿಳಿನೀಲಿ ಬಟ್ಟೆ ಹಾಕಿದ ಮಗು ನೀರೊಳಗೆ ಕಾಣಿಸೋದೇ ಇಲ್ಲ. ಉದ್ದ ತೋಳಿನ ಸ್ವಿಮ್ ಶರ್ಟ್ ಹಾಕಿದ್ರೆ ಸನ್‌ಸ್ಕ್ರೀನ್ ಅರ್ಧ ಉಳಿಯತ್ತೆ, ನಮ್ಮ ಮಕ್ಕಳ ಚರ್ಮ ಸುಡಲ್ಲ ಅನ್ನೋದು ಸುಳ್ಳು, ಸುಡತ್ತೆ. ಬೀಚಲ್ಲಿ ಬಾವುಟ ನೋಡಿ: ಹಸಿರು ಸರಿ, ಹಳದಿ ಅಂದ್ರೆ ಮಕ್ಕಳು ಮೊಣಕಾಲುದ್ದದ ನೀರಿಗೆ ಮಾತ್ರ, ಅದೂ ಕೈ ಹಿಡ್ಕೊಂಡು, ಕೆಂಪು ಕಪ್ಪು ಅಂದ್ರೆ ಮರಳಲ್ಲಿ ಮನೆ ಕಟ್ಟಿ.

ಕುಡಿಯೋಕೆ ನಲ್ಲಿ ನೀರು ಬೇಡ. ವಿಲ್ಲಾದಲ್ಲಿ 20 ಲೀಟರ್ ಕ್ಯಾನ್ ಇರತ್ತೆ, ಗರ್ರಾಫೋನ್ ಅಂತಾರೆ, ಹಲ್ಲುಜ್ಜೋಕೂ ಅದೇ. ಮಕ್ಕಳು ಸ್ನಾನ ಮಾಡ್ತಾ ಬಾಯಿ ತೆಗೀತಾರೆ, ಅದಕ್ಕೇನ್ ಮಾಡೋಕಾಗಲ್ಲ, ಓಆರ್‌ಎಸ್ ಪ್ಯಾಕೆಟ್, ಜ್ವರದ ಔಷಧಿ, ಥರ್ಮಾಮೀಟರ್ ಇಟ್ಕೊಂಡಿರಿ. ಅಲ್ಲಿ ಎಷ್ಟೋ ಮೆಡಿಕಲ್ ಶಾಪ್ ಪಕ್ಕದಲ್ಲೇ ಡಾಕ್ಟರ್ ರೂಮ್ ಇರತ್ತೆ, ಸಣ್ಣಪುಟ್ಟದಕ್ಕೆ ಅಲ್ಲೇ ತೋರಿಸ್ಬಹುದು. ತುರ್ತಿಗೆ ನಂಬರ್ ಅಲ್ಲೂ 911. ಸೊಳ್ಳೆ ಎಣ್ಣೆ ಮರೀಬೇಡಿ, ಡೆಂಗ್ಯೂ ಅಲ್ಲೂ ಇದೆ.

ಸ್ಟೆಪ್ 7: ಊಟ

ಮೆಕ್ಸಿಕನ್ ಊಟ ಅಂದ್ರೆ ಅನ್ನ, ಬೀನ್ಸ್ ಕಾಳು, ರೊಟ್ಟಿ, ನಮಗೆ ಆರಾಮ ಅನ್ಕೊಂಡಿದ್ವಿ. ಅಲ್ಲೊಂದು ಕೊಕ್ಕೆ ಇದೆ. ಫ್ರಿಹೋಲೆಸ್ ಅನ್ನೋ ಅರೆದ ಕಾಳಿಗೆ ಬಹಳ ಕಡೆ ಹಂದಿ ಕೊಬ್ಬು ಹಾಕ್ತಾರೆ, ಮಾಂತೆಕಾ ಅಂತ. ಕೆಂಪು ಅನ್ನಕ್ಕೆ ಚಿಕನ್ ಸ್ಟಾಕ್. ಮೈದಾ ರೊಟ್ಟಿ, ತೊರ್ತಿಯಾ ಅಂತಾರೆ, ಅದರಲ್ಲೂ ಕೊಬ್ಬು ಇರ್ಬಹುದು. "ವೆಜಿಟೇರಿಯನ್" ಅಂದ್ರೆ ತುಂಡು ಇಲ್ಲ ಅಂತ ಮಾತ್ರ ಅವ್ರಿಗೆ ಅರ್ಥ ಆಗೋದು. ಹೀಗೆ ಹೇಳಿ: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ", ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಕೊಬ್ಬು ಬೇಡ. ನಮ್ಮ ಗುಂಪಿನ ಒಬ್ಬ ಅಜ್ಜಿ ಇದನ್ನ ವಿಷ್ಣು ಸಹಸ್ರನಾಮದ ಥರ ಬಾಯಿಪಾಠ ಮಾಡಿ ವೇಟರ್‌ಗೆ ಹೇಳಿ ಶಹಬ್ಬಾಸ್‌ಗಿರಿ ತಗೊಂಡ್ರು.

ಜೋಳದ ತೊರ್ತಿಯಾ, ಚೀಸ್ ಹಾಕಿದ ಕೆಸಾದಿಯಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಮುಸುಕಿನ ಜೋಳಕ್ಕೆ ನಿಂಬೆಹಣ್ಣು ಖಾರದಪುಡಿ ಹಾಕಿದ್ದು, ಇವು ಮಕ್ಕಳಿಗೆ ನಡೆಯತ್ತೆ. ಜಮಾಯ್ಕಾ ಅಂತ ಕೆಂಪು ತಂಪು ಪಾನೀಯ ಇದೆ, ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ್ದೇ, ಹುಣಸೆಹಣ್ಣಿನ ಪಾನಕವೂ ಸಿಗತ್ತೆ. ಮೇಜಿನ ಮೇಲೆ ಇಟ್ಟ ಸಾಲ್ಸಾ ಚಟ್ನಿ ಮಾತ್ರ ಮೊದಲು ದೊಡ್ಡೋರು ರುಚಿ ನೋಡಿ, ಈ ಭಾಗದಲ್ಲಿ ಹಬನೇರೊ ಮೆಣಸಿನಕಾಯಿ ಹಾಕ್ತಾರೆ, ಬ್ಯಾಡಗಿ ಗುಂಟೂರು ತಿಂದು ಬೆಳೆದೋರು ಅನ್ನೋ ಜಂಬ ಒಂದೇ ಚಮಚಕ್ಕೆ ಇಳಿಯತ್ತೆ. ಸಂಜೆ ಗಾಡೀಲಿ ಮಾರ್ಕೆಸೀತಾ ಮಾಡ್ತಾರೆ, ತೆಳ್ಳಗೆ ಗರಿಗರಿ ದೋಸೆ ಥರ ಹುಯ್ದು ಒಳಗೆ ತುರಿದ ಚೀಸ್ ಹಾಕಿ ಸುರುಳಿ ಸುತ್ತೋದು, ಅದಕ್ಕೆ ಏಳೂ ಮಕ್ಕಳು ಕ್ಯೂ ನಿಂತಿದ್ರು. ಹಿಟ್ಟಲ್ಲಿ ಮೊಟ್ಟೆ ಇರತ್ತೆ, ತಿನ್ನದೋರು ನೋಡ್ಕೊಳ್ಳಿ. ಅಂದ ಹಾಗೆ ಸಪೋಟ ಹಣ್ಣು ಈ ಕಡೆಯದ್ದೇ, ಚಿಕೊಸಪೋತೆ ಅಂತ ಕೇಳಿ.

ವಿಲ್ಲಾದಲ್ಲಿ ಇದ್ರೆ ಸೂಪರ್ ಮಾರ್ಕೆಟಿಗೆ ಮೊದಲ ದಿನವೇ ಹೋಗಿ, ಚೆದ್ರಾವಿ, ಸೊರಿಯಾನಾ, ವಾಲ್ಮಾರ್ಟ್ ಎಲ್ಲಾ ಇವೆ. ಮೊಸರನ್ನದ ಮಕ್ಕಳಿದ್ರೆ ಮೊಸರು ಡಬ್ಬಿ ಮೇಲೆ "ನಾತುರಾಲ್, ಸಿನ್ ಅಸುಕಾರ್" ಅಂತ ಇದೆಯಾ ನೋಡಿ, ಇಲ್ಲಾಂದ್ರೆ ಸಕ್ಕರೆ ಹಾಕಿದ್ದೇ ಬರತ್ತೆ, ನಾವು ಸಿಹಿ ಮೊಸರಿಗೆ ಒಗ್ಗರಣೆ ಕೊಟ್ಟು ಪಾಠ ಕಲಿತ್ವಿ. ಅಡುಗೆಮನೇಲಿ ಕೊಮಾಲ್ ಅಂತ ಹೆಂಚು ಇದ್ರೆ ದೋಸೆ ಚೆನ್ನಾಗಿ ಏಳತ್ತೆ. ಕರೆಂಟ್ 127 ವೋಲ್ಟ್, ಪ್ಲಗ್ ಅಮೆರಿಕದ್ದೇ, ಸಣ್ಣ ಇನ್‌ಸ್ಟಂಟ್ ಪಾಟ್ (ಕರೆಂಟ್ ಕುಕ್ಕರ್) ಸೂಟ್‌ಕೇಸಲ್ಲಿ ಹಾಕಿ. ಪ್ಯಾಕ್ ಮಾಡಿದ ರೆಡಿ ಉಪ್ಪಿಟ್ಟು, ಪುಳಿಯೋಗರೆ ಪುಡಿ ನಮಗೆ ಯಾರೂ ಏನೂ ಅನ್ಲಿಲ್ಲ. ಹಣ್ಣು, ತರಕಾರಿ, ಕರಿಬೇವು, ಬಿತ್ತನೆ ಬೀಜ ಮಾತ್ರ ತಗೊಂಡ್ ಹೋಗ್ಬೇಡಿ.

ಸ್ಟೆಪ್ 8: ಸುತ್ತಾಟ

ಐದು ದಿನಕ್ಕೆ ಎರಡೇ ಔಟಿಂಗ್ ಸಾಕು. ಅಕುಮಾಲ್ ಕೊಲ್ಲಿಯಲ್ಲಿ ಹಸಿರು ಆಮೆಗಳು ಹುಲ್ಲು ಮೇಯ್ತಾ ಇರತ್ವೆ, ಮುಟ್ಟೋ ಹಾಗಿಲ್ಲ, ಈಜೋಕೆ ನಿಯಮಗಳಿವೆ, ಆರು ವರ್ಷದೊಳಗಿನ ಮಕ್ಕಳಿಗೆ ಯಲ್-ಕು ಲಗೂನ್ ಇನ್ನೂ ಸುಲಭ, ಅಲೆ ಇಲ್ಲ, ಮೀನು ತುಂಬಾ, ಕಲ್ಲು ಜಾರತ್ತೆ, ವಾಟರ್ ಶೂಸ್ ಬೇಕು.

ಸೆನೋತೆ ಅಂದ್ರೆ ಸುಣ್ಣಕಲ್ಲು ಕುಸಿದು ಆದ ಸಿಹಿನೀರಿನ ಹೊಂಡ, ತಣ್ಣಗಿರತ್ತೆ. ಸೆನೋತೆ ಅಸೂಲ್‌ನಲ್ಲಿ ಆಳ ಇಲ್ಲದ ಜಾಗಗಳಿವೆ, ಚಿಕ್ಕೋರಿಗೆ ಅದು ಸರಿ. ಬೆಳಗ್ಗೆನೇ ಹೋಗಿ, ಕ್ಯಾಶ್ ಇಟ್ಕೊಳ್ಳಿ, ನೀರಿಗಿಳಿಯೋ ಮುಂಚೆ ಸನ್‌ಸ್ಕ್ರೀನ್ ಹಚ್ಚಬಾರದು.

ಚಿಚೆನ್ ಇಟ್ಜಾ ಪ್ಲಾಯಾ ದೆಲ್ ಕಾರ್ಮೆನ್‌ನಿಂದ ಒಂದು ಕಡೆಗೇ ಎರಡೂವರೆ ಗಂಟೆ, ನೆರಳಿಲ್ಲ, ಪಿರಮಿಡ್ ಹತ್ತೋಕೂ ಬಿಡಲ್ಲ. ವಾದದಲ್ಲಿ ಗೆದ್ದು ಹೋದ ಎರಡು ಮನೆಯವ್ರು ಸಂಜೆ ಸುಟ್ಟ ಬದನೆಕಾಯಿ ಥರ ವಾಪಸ್ ಬಂದ್ರು. ಮಾಯಾ ಜನರದ್ದು ಏನಾದ್ರೂ ತೋರಿಸ್ಬೇಕು ಅಂದ್ರೆ ತುಲುಮ್ ಸಾಕು, ಸಮುದ್ರದ ಅಂಚಲ್ಲೇ ಕೋಟೆ, ಬಾಗಿಲು ತೆಗೀತಿದ್ದ ಹಾಗೆ ಹೋಗಿ ಹತ್ತೂವರೆಗೆಲ್ಲಾ ಹೊರಬನ್ನಿ.

ಒಂದು ಬೆಳಗ್ಗೆ ಮಾತ್ರ ಅಲಾರಂ ಇಟ್ಕೊಳ್ಳಿ. ಗೋಕರ್ಣ ಮರವಂತೇಲಿ ನಾವು ಸೂರ್ಯ ಮುಳುಗೋದು ನೋಡಿ ಬೆಳೆದೋರು, ಇಲ್ಲಿ ಸಮುದ್ರ ಪೂರ್ವಕ್ಕೆ, ಸೂರ್ಯ ನೀರಿಂದ ಎದ್ದು ಬರ್ತಾನೆ. ಹೆಂಗೂ ಮಕ್ಕಳು ಐದೂವರೆಗೆ ಎಬ್ಬಿಸ್ತಾರೆ.

ಸ್ಟೆಪ್ 9: ದುಡ್ಡು

ಪೆಸೊಗೂ ಡಾಲರ್ ಗುರುತೇ ಹಾಕ್ತಾರೆ, ಮೆನುನಲ್ಲಿ 250 ಅಂತ ನೋಡಿ ಹಾರ್ಟ್ ಅಟ್ಯಾಕ್ ಮಾಡ್ಕೋಬೇಡಿ. ಈಚಿನ ವರ್ಷಗಳಲ್ಲಿ ಡಾಲರ್‌ಗೆ ಹೆಚ್ಚುಕಮ್ಮಿ 17ರಿಂದ 20 ಪೆಸೊ ಓಡಾಡ್ತಿದೆ. ಪೆಸೊದಲ್ಲೇ ಕೊಡಿ. ಎಟಿಎಂ "ಡಾಲರ್‌ಗೆ ನಾವೇ ಕನ್ವರ್ಟ್ ಮಾಡ್ಲಾ" ಅಂತ ಕೇಳತ್ತೆ, ಬೇಡ ಅನ್ನಿ. ಟಿಪ್ಸ್ 10ರಿಂದ 15 ಪರ್ಸೆಂಟ್.

ಗುಂಪಿನ ಖರ್ಚಿಗೆ ಸ್ಪ್ಲಿಟ್‌ವೈಸ್ ಅನ್ನೋ ಲೆಕ್ಕ ಹಂಚೋ ಆಪ್ ಹಾಕಿ, ಆದ್ರೆ ತಲೆ ಎಣಿಸಬೇಡಿ. ವಿಲ್ಲಾ ಬಾಡಿಗೆ ಬೆಡ್‌ರೂಮ್ ಲೆಕ್ಕದಲ್ಲಿ, ದಿನಸಿ ಮನೆ ಲೆಕ್ಕದಲ್ಲಿ, ಕುಡಿಯೋದು ಕುಡಿದೋರ ಲೆಕ್ಕದಲ್ಲಿ. ಕೈಗೂಸಿಗೆ ಅರ್ಧ ಟಿಕೆಟಾ ಕಾಲು ಟಿಕೆಟಾ ಅಂತ ಮೊದಲ ಸಲ ಮಾತು ಬೆಳೆದಿತ್ತು, ನೆನಪಿಸ್ಕೊಂಡ್ರೆ ಈಗ ನಾಚಿಕೆ ಆಗತ್ತೆ.

ಸ್ಟೆಪ್ 10: ಹೊರಡೋ ದಿನ

ರಾಜ್ಯದ ಟೂರಿಸ್ಟ್ ತೆರಿಗೆ ಒಂದಿದೆ, ವಿಸಿಟ್ಯಾಕ್ಸ್, 2021ರಿಂದ ಇದೆ, ಸರ್ಕಾರದ ಸೈಟಲ್ಲೇ ಕಟ್ಟಿ ರಸೀದಿ ಫೋನಲ್ಲಿ ಇಟ್ಕೊಳ್ಳಿ, ಅದೇ ಥರ ಕಾಣೋ ಬೇರೆ ಸೈಟ್‌ಗಳು ಜಾಸ್ತಿ ಕಿತ್ಕೊಳ್ತವೆ. ಒದ್ದೆ ಸ್ವಿಮ್ ಬಟ್ಟೆಗೆ ಹಿಂದಿನ ರಾತ್ರಿನೇ ಗಟ್ಟಿ ಪ್ಲಾಸ್ಟಿಕ್ ಕವರ್ ಎತ್ತಿಡಿ. ಏರ್‌ಪೋರ್ಟಿಗೆ ಮೂರು ಗಂಟೆ ಮುಂಚೆ. ಮಕ್ಕಳು ಆರಿಸಿದ ಕಪ್ಪೆಚಿಪ್ಪು, ಹವಳದ ಚೂರು ಬ್ಯಾಗಿಂದ ಹುಡುಕಿ ತೆಗೆದು ಅಲ್ಲೇ ಬಿಟ್ಟು ಬನ್ನಿ, ಉಳಿದ ಮಾವಿನಹಣ್ಣು ತಿಂದು ಮುಗಿಸಿ, ಆ ಹಣ್ಣನ್ನ ಅಮೆರಿಕದ ಕಸ್ಟಮ್ಸ್ ಒಳಗೆ ಬಿಡಲ್ಲ. ವಿಮಾನ ಹತ್ತೋ ಮುಂಚೆ, ಗೇಟ್ ಹತ್ರ ಕೂತಿರೋವಾಗ್ಲೇ ಸ್ಪ್ಲಿಟ್‌ವೈಸ್ ತೆಗೆದು ಎಲ್ಲರೂ ಸೆಟಲ್ ಮಾಡಿ. ಮನೆಗೆ ಹೋಗಿ ಮಾಡೋಣ ಅಂದಿದ್ದು ನಮ್ಮಲ್ಲಿ ದೀಪಾವಳಿ ತನಕ ಹೋಗಿತ್ತು.